ಎಳೆಗುದುರೆಯ ಒಂದು ದಿನದ ಪರೀಕ್ಷೆ

ಮನುಷ್ಯನು ಪಳಗಿಸಿಕೊಂಡ ಪ್ರಾಣಿಗಳಲ್ಲಿ ಎತ್ತು ಅನ್ನವನ್ನು ಕೊಟ್ಟಿತು, ಆಕಳು ಹಾಲನ್ನು ಕೊಟ್ಟಿತು. ಕುದುರೆಯಾದರೋ ವೇಗವನ್ನು ಕೊಟ್ಟಿತು. ಮೋಟಾರು ಬಂದ ಮೇಲೆ ಆ ವೇಗದ ಅಗತ್ಯವು ನಮಗೆ ಉಳಿಯಲಿಲ್ಲ. ನಮ್ಮ ರಾಂಪುರದ ಮಗ್ಗುಲಲ್ಲಿ ಬಳ್ಳಾರಿಯಿಂದ ಚಳ್ಳಕೆರೆಗೆ ಹೋಗುವ ಹೆದ್ದಾರಿಯ ಮೇಲೆ ಹಗಲಿರುಳೂ ಲಾರಿಗಳು ಓಡುತ್ತಿರುವಾಗ, ಇಲ್ಲಿಯ ಮಕ್ಕಳು ಕುದುರೆಯನ್ನು ಕಾಣುವುದು ಮದುವೆಯ ಮೆರವಣಿಗೆಯಲ್ಲಿ, ಇಲ್ಲವೆ ಪುಸ್ತಕದ ಚಿತ್ರದಲ್ಲಿ. ಹಾಗಿದ್ದರೂ ಕುದುರೆಯ ವಿದ್ಯೆಯು ನಾಡಿನಿಂದ ಅಳಿದುಹೋಗಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಯುವಕರೊಬ್ಬರು ಈ ವಿದ್ಯೆಯ ಬಲದಿಂದಲೇ ಏಷ್ಯಾ ಖಂಡದ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿಯ ಪದಕಗಳನ್ನು ತಂದಿದ್ದಾರೆ. ಅವರು ಸ್ಪರ್ಧಿಸಿದ ಕ್ರೀಡೆಗೆ ಇವೆಂಟಿಂಗ್ ಎಂದು ಹೆಸರು. ಅದರ ಪ್ರಥಮ ಸೋಪಾನವೇ ಒಂದು ದಿನದ ಸ್ಪರ್ಧೆ. ಎಳೆಯ ಕುದುರೆಯೊಂದನ್ನು ಆ ಸ್ಪರ್ಧೆಗೆ ಸಿದ್ಧಪಡಿಸುವ ಬಗೆಯನ್ನು ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ. ಕುದುರೆಯನ್ನು ಸಾಕದವರಿಗೆ ಇದರಿಂದೇನು ಪ್ರಯೋಜನವೆಂದು ಕೇಳಬಹುದು. ಮಕ್ಕಳನ್ನು ಬೆಳೆಸುವವರೆಲ್ಲರಿಗೂ ಇದರಲ್ಲಿ ಪ್ರಯೋಜನವುಂಟೆಂದು ನನ್ನ ನಂಬಿಕೆ.

ಕ್ರೀಡೆಯ ಸ್ವರೂಪ

ಈ ಕ್ರೀಡೆಯು ಯೂರೋಪಿನ ಅಶ್ವದಳಗಳಲ್ಲಿ ಹುಟ್ಟಿದುದು. ಸೇನಾಧಿಕಾರಿಯ ಕುದುರೆಗೆ ಮೂರು ಗುಣಗಳು ಬೇಕಾಗಿದ್ದುವು: ಕವಾಯತಿನ ಮೈದಾನದಲ್ಲಿ ವಿಧೇಯತೆ, ಬಯಲಿನಲ್ಲಿ ಧೈರ್ಯ ಮತ್ತು ದಮ್ಮು, ಆಯಾಸದ ಬಳಿಕವೂ ಕುಂದದ ಚುರುಕುತನ. ಈ ಮೂರನ್ನೂ ಒಟ್ಟಿಗೆ ಪರೀಕ್ಷಿಸುವ ಸ್ಪರ್ಧೆಯು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಮೊದಲು ಸೇರಿತು. ಒಲಿಂಪಿಕ್ಸಿನಲ್ಲಿ ಬಹುಕಾಲ ಇದು ಪುರುಷರಿಗೇ ಮೀಸಲಾಗಿದ್ದಿತು. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಅಮೆರಿಕೆಯ ಲಾನಾ ಡುಪಾಂಟ್ ಎಂಬಾಕೆಯು ಮೊದಲನೆಯ ಸ್ತ್ರೀಯಾಗಿ ಇದರಲ್ಲಿ ಭಾಗವಹಿಸಿದಳು. ಇಂದು ಸ್ತ್ರೀಪುರುಷರು ಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಸ್ಪರ್ಧಿಸುತ್ತಾರೆ. 2021ರಲ್ಲಿ ಅದೇ ಟೋಕಿಯೋದಲ್ಲಿ ವೈಯಕ್ತಿಕ ಸುವರ್ಣಪದಕವನ್ನು ಪಡೆದವರು ಜರ್ಮನಿಯ ಜೂಲಿಯಾ ಕ್ರಾಯೆವ್‌ಸ್ಕಿ ಎಂಬ ಮಹಿಳೆ.

ದೊಡ್ಡ ಕೂಟಗಳಲ್ಲಿ ಸ್ಪರ್ಧೆಯು ಮೂರು ನಾಲ್ಕು ದಿನ ನಡೆಯುವುದು. ಒಂದು ದಿನದ ಸ್ಪರ್ಧೆಯಲ್ಲಿ ಮೂರು ಅಂಗಗಳೂ ಬೆಳಗಿನಿಂದ ಸಂಜೆಯೊಳಗೆ ಮುಗಿಯತಕ್ಕದ್ದು. ಮೊದಲನೆಯದು ಡ್ರೆಸಾಜ್. ಅಳತೆಯ ಅಂಗಳದ ಸುತ್ತ ಅಕ್ಷರಗಳ ಫಲಕಗಳನ್ನು ನಿಲ್ಲಿಸಿರುತ್ತಾರೆ. ಇಂಥ ಅಕ್ಷರದಲ್ಲಿ ನಿಲ್ಲಬೇಕು, ಇಂಥದರಿಂದ ಕುಕ್ಕುಲೋಟ, ಇಂಥಲ್ಲಿ ವರ್ತುಲಾಕಾರವಾದ ಓಟ ಎಂದು ಮೊದಲೇ ಗೊತ್ತುಮಾಡಿದ ಪಾಠವನ್ನು ಸವಾರನೂ ಕುದುರೆಯೂ ಒಪ್ಪಿಸಬೇಕು. ನ್ಯಾಯಾಧಿಕಾರಿಯು ಪ್ರತಿಯೊಂದು ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಗುಣಗಳನ್ನು ಕೊಡುತ್ತಾನೆ. ಎರಡನೆಯದು ಶೋ ಜಂಪಿಂಗ್. ಅಂಗಳದಲ್ಲಿ ನಿಲ್ಲಿಸಿದ ಬಣ್ಣದ ಕಂಬಗಳನ್ನು ಕೆಡವದೆ ದಾಟುವುದು. ಮೂರನೆಯದು ಕ್ರಾಸ್ ಕಂಟ್ರಿ. ಮರದ ದಿಮ್ಮಿ, ಬೇಲಿ, ಹಳ್ಳ, ದಿಬ್ಬ, ನೀರಿನ ಹೊಂಡ ಇವುಗಳನ್ನು ಬಯಲಿನಲ್ಲಿ ಓಡುತ್ತ ದಾಟುವುದು. ಕಂಬಗಳು ತಗಲಿದರೆ ಉರುಳುತ್ತವೆ. ಬಯಲಿನ ಅಡ್ಡಗಳು ಬಹುಮಟ್ಟಿಗೆ ಅಲುಗುವುದಿಲ್ಲ. ಅಪಾಯವಿರುವುದು ಅಲ್ಲಿಯೇ.

ಇಲ್ಲಿಯ ಲೆಕ್ಕವು ನಮ್ಮ ಪಾಠಶಾಲೆಯ ಲೆಕ್ಕಕ್ಕೆ ವಿಪರೀತವಾದುದು. ಗುಣಗಳು ಹೆಚ್ಚಿದವನು ಗೆಲ್ಲುವುದಿಲ್ಲ. ದಂಡಾಂಕಗಳು ಕಡಿಮೆಯಾದವನು ಗೆಲ್ಲುತ್ತಾನೆ. ಡ್ರೆಸಾಜಿನಲ್ಲಿ ನೂರಕ್ಕೆ 65 ಬಂದರೆ ಉಳಿದ 35 ದಂಡವಾಗಿ ಖಾತೆಗೆ ಸೇರುವುದು. ಕಂಬವೊಂದು ಬಿದ್ದರೆ 4. ಬಯಲಿನಲ್ಲಿ ಕುದುರೆಯು ಅಡ್ಡದ ಮುಂದೆ ಒಮ್ಮೆ ನಿಂತುಬಿಟ್ಟರೆ 20. ಅದೇ ಅಡ್ಡದಲ್ಲಿ ಮತ್ತೊಮ್ಮೆ ನಿಂತರೆ ಇನ್ನೂ 40. ಗೊತ್ತಾದ ಕಾಲವನ್ನು ಮೀರಿದ ಪ್ರತಿಯೊಂದು ಸೆಕೆಂಡಿಗೂ 0.4. ಸವಾರನು ಬಿದ್ದರೆ ಅಲ್ಲಿಗೇ ಮುಗಿಯಿತು.

ಒಂದು ಉದಾಹರಣೆಯನ್ನು ನೋಡೋಣ. ಚೆಲುವಾದ ಕುದುರೆಯೊಂದು ಡ್ರೆಸಾಜಿನಲ್ಲಿ 65 ಗುಣಗಳನ್ನು ಪಡೆಯಿತು. ಒಂದು ಕಂಬವನ್ನು ಕೆಡವಿತು. ನೀರಿನ ಮುಂದೆ ಒಮ್ಮೆ ನಿಂತಿತು. 10 ಸೆಕೆಂಡು ತಡವಾಯಿತು. ಅದರ ದಂಡ 35, 4, 20, 4 ಕೂಡಿ 63. ಇನ್ನೊಂದು ಸಾಧಾರಣ ಕುದುರೆ. ಡ್ರೆಸಾಜಿನಲ್ಲಿ 58 ಮಾತ್ರ. ಆದರೆ ಅದು ಕಂಬ ಕೆಡವಲಿಲ್ಲ, ನಿಲ್ಲಲಿಲ್ಲ, ತಡಮಾಡಲಿಲ್ಲ. ಅದರ ದಂಡ 42. ಗೆದ್ದದ್ದು ಎರಡನೆಯದೇ. ನಂಬಿಕೆಗೆ ತಕ್ಕ ಸಾಮಾನ್ಯನು ಚಂಚಲನಾದ ಜಾಣನಿಗಿಂತ ಮೇಲೆಂಬುದನ್ನು ಈ ಗಣಿತವೇ ತೋರಿಸಿಕೊಡುತ್ತದೆ.

ನಮ್ಮವರಿಗೆ ಹೊಸದಲ್ಲ

ಈ ವಿದ್ಯೆಯು ಹೊರಗಿನಿಂದ ಬಂದುದೆಂದು ಭಾವಿಸುವವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಬೇಕು. ಅಲ್ಲಿ ಅಶ್ವಾಧ್ಯಕ್ಷನಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಸವಾರಿಯ ಕುದುರೆಗೆ ಕಲಿಸತಕ್ಕ ಚಲನೆಗಳು ವಲ್ಗನ, ನೀಚೈರ್ಗತ, ಲಂಘನ, ಧೋರಣ, ನಾರೋಷ್ಟ್ರ ಎಂದು ಐದು. ಲಂಘನವೆಂದರೆ ನೆಗೆತ, ನಾರೋಷ್ಟ್ರವೆಂದರೆ ಸವಾರನ ಸಂಜ್ಞೆಯನ್ನು ಅರಿತು ಅದರಂತೆ ನಡೆಯುವುದು. ಇಂದಿನ ಶೋ ಜಂಪಿಂಗ್ ಮೊದಲನೆಯದಕ್ಕೂ ಡ್ರೆಸಾಜ್ ಎರಡನೆಯದಕ್ಕೂ ಎಷ್ಟು ಸಮೀಪವಾಗಿವೆಯೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅಶ್ವಕ್ರೀಡೆಯು ರಾಜವಿನೋದಗಳಲ್ಲಿ ಒಂದಾಗಿ ವರ್ಣಿತವಾಗಿದೆ. ವಿಜಯನಗರದ ಅರಸರು ಸಮುದ್ರದಾಚೆಯಿಂದ ಕುದುರೆಗಳನ್ನು ತರಿಸುತ್ತಿದ್ದರು. ಹಂಪೆಯ ಹಜಾರರಾಮನ ಗುಡಿಯ ಪ್ರಾಕಾರದ ಮೇಲೆ ಸಾಲುಗುದುರೆಗಳು ಇಂದಿಗೂ ಮೆರವಣಿಗೆ ಹೊರಟಂತಿವೆ. 1918ನೆಯ ಇಸವಿ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಹಿಡಿದ ದಳಗಳಲ್ಲಿ ಜೋಧಪುರದವರೊಡನೆ ಮೈಸೂರಿನ ಲ್ಯಾನ್ಸರುಗಳೂ ಇದ್ದರು. ಮೈಸೂರಿನಲ್ಲಿ ಪೋಲೀಸು ಅಶ್ವದಳವು ದಸರೆಯ ಮೆರವಣಿಗೆಯಲ್ಲಿ ನಡೆಯುವುದನ್ನು ಕಂಡವರು ಅನೇಕರು.

ಎಳೆಗುದುರೆಯ ಶಿಕ್ಷಣ

ಕುದುರೆಯ ವಯಸ್ಸನ್ನು ಹಲ್ಲಿನಿಂದ ತಿಳಿಯುವುದು ವಾಡಿಕೆ. ಐದು ವರ್ಷಕ್ಕೆ ಅದರ ಬಾಯಿ ತುಂಬುತ್ತದೆ, ಎಂದರೆ ಶಾಶ್ವತವಾದ ಮುಂಬಲ್ಲುಗಳೆಲ್ಲವೂ ಬಂದಿರುತ್ತವೆ. ಎಲುಬುಗಳ ಬೆಳವಣಿಗೆಯಾದರೋ ಒಂದೇ ಕಾಲಕ್ಕೆ ಮುಗಿಯುವುದಿಲ್ಲ. ಮುಂಗಾಲಿನ ಮಂಡಿಯ ಮೇಲಣ ಎಲುಬು ಸುಮಾರು ಎರಡೂವರೆ ವರ್ಷಕ್ಕೆ ಬಲಿಯುವುದು. ಬೆನ್ನೆಲುಬು ಬಲಿಯುವುದಕ್ಕೆ ಐದಾರು ವರ್ಷಗಳೂ ಹಿಡಿಯುವುದುಂಟು. ಸವಾರನ ಭಾರವನ್ನು ಹೊರುವುದು ಬೆನ್ನು. ಆದಕಾರಣ ಬಲ್ಲವರು ನೆಗೆತದ ಕಠಿನಪಾಠವನ್ನು ಅವಸರದಿಂದ ಹೇಳಿಕೊಡುವುದಿಲ್ಲ. ಮೊದಲನೆಯ ಒಂದು ದಿನದ ಸ್ಪರ್ಧೆಗೆ ಇಳಿಯುವ ಕುದುರೆಯು ನಾಲ್ಕೈದು ವರ್ಷ ದಾಟಿರುವುದು ಲೇಸು.

ಶಿಕ್ಷಣವು ಬೆನ್ನಿನ ಮೇಲಲ್ಲ, ನೆಲದ ಮೇಲೆ ಆರಂಭವಾಗುತ್ತದೆ. ಉದ್ದವಾದ ಹಗ್ಗದಲ್ಲಿ ವರ್ತುಲವಾಗಿ ನಡೆಸಿ, ಸ್ವರದಿಂದ ನಿಲ್ಲುವುದನ್ನೂ ನಡೆಯುವುದನ್ನೂ ಕಲಿಸುತ್ತಾರೆ. ಅನಂತರ ಜೀನು, ಕಡಿವಾಣ, ಅನಂತರ ಸವಾರ. ನೆಗೆತದ ಓನಾಮವೆಂದರೆ ನೆಲದ ಮೇಲೆ ಮಲಗಿಸಿದ ಕಂಬಗಳನ್ನು ಹೆಜ್ಜೆ ಎಣಿಸಿ ದಾಟುವುದು. ಮೊಣಕಾಲೆತ್ತರದ ದಿಮ್ಮಿ, ಅಗಲವಿಲ್ಲದ ಕಾಲುವೆ, ಗೊರಸು ಮುಳುಗುವಷ್ಟು ನೀರು ಆಮೇಲಿನ ಪಾಠಗಳು. ನೀರಿಗೆ ಹೆದರುವ ಮರಿಯ ಮುಂದೆ ಅನುಭವಿಯಾದ ಹಳೆಯ ಕುದುರೆಯನ್ನು ನಡೆಸುವುದುಂಟು. ಹಿರಿಯದು ನಿಶ್ಚಿಂತವಾಗಿ ಇಳಿದದ್ದನ್ನು ಕಂಡು ಕಿರಿಯದೂ ಇಳಿಯುವುದು. ಮನೆಯಲ್ಲಿ ತಮ್ಮಂದಿರು ಅಣ್ಣನನ್ನು ನೋಡಿ ಕಲಿಯುವ ಕ್ರಮವೂ ಇದೇ.

ಇಲ್ಲಿ ಕುದುರೆಯ ಕಣ್ಣಿನ ವಿಷಯವನ್ನು ಹೇಳಬೇಕು. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಹೆಚ್ಚುಕಡಮೆ ಸುತ್ತಲೂ ಕಾಣುವುದು. ಆದರೆ ಹಣೆಯ ನೇರ ಮುಂದಣ ಸ್ವಲ್ಪ ಜಾಗವೂ ಬಾಲದ ಹಿಂದಣ ಜಾಗವೂ ಕಾಣುವುದಿಲ್ಲ. ಅಡ್ಡದ ಬುಡಕ್ಕೆ ಬಂದು ನೆಗೆಯುವ ಕ್ಷಣದಲ್ಲಿ ಕುದುರೆಗೆ ಆ ಅಡ್ಡವು ಕಾಣದು. ಕೆಲವು ಹೆಜ್ಜೆ ಹಿಂದೆ ಕಂಡದ್ದನ್ನು ನೆನಪಿನಲ್ಲಿಟ್ಟುಕೊಂಡು, ಬೆನ್ನ ಮೇಲಿರುವವನನ್ನು ನಂಬಿ ಅದು ನೆಗೆಯುತ್ತದೆ. ಸವಾರನು ಲಗಾಮನ್ನು ಬಿಗಿಹಿಡಿದು ಅದರ ತಲೆಯನ್ನು ಕಟ್ಟಿಹಾಕಿದರೆ, ಕಾಣುವ ದೂರವನ್ನೂ ಕಸಿದುಕೊಂಡಂತಾಯಿತು. ಕಣ್ಣಿಗೆ ಕಾಣದ್ದನ್ನು ನಂಬಿಕೆಯಿಂದ ದಾಟುವ ಪ್ರಾಣಿಗೆ ಒಮ್ಮೆ ಮೋಸವಾದರೆ, ಆ ನಂಬಿಕೆಯನ್ನು ಮರಳಿ ಕಟ್ಟುವುದಕ್ಕೆ ಬಹುದಿನಗಳು ಬೇಕು.

ಆಹಾರದಲ್ಲಿಯೂ ಎಚ್ಚರವಿರಬೇಕು. ಶರೀರವು ಎಷ್ಟು ದೊಡ್ಡದಾದರೂ ಕುದುರೆಯ ಹೊಟ್ಟೆ ಚಿಕ್ಕದು. ತಿಂದದ್ದನ್ನು ವಾಂತಿಮಾಡುವ ಶಕ್ತಿಯು ಅದಕ್ಕಿಲ್ಲ. ಒಂದೇ ಸಲಕ್ಕೆ ಧಾನ್ಯವನ್ನು ಹೆಚ್ಚಾಗಿ ಸುರಿದರೆ ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಅಪಾಯವಾದೀತು. ಹುಲ್ಲು ಮುಖ್ಯ, ಕಾಳು ಅದಕ್ಕೆ ಸಹಾಯ. ಬೇಯಿಸಿದ ಹುರುಳಿಯನ್ನಾಗಲಿ ಬೇರೆ ಧಾನ್ಯವನ್ನಾಗಲಿ ಅಳತೆಯಿಂದ ಹಲವು ಸಲ ಕೊಡಬೇಕು. ತಿಂದ ಕೂಡಲೆ ಓಡಿಸಕೂಡದು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ನಮ್ಮ ಸೀಮೆಯಂಥ ಬಿಸಿಲುನಾಡಿನಲ್ಲಿ ನೀರು ಉಪ್ಪುಗಳ ಕಡೆಗೆ ವಿಶೇಷವಾಗಿ ಗಮನವಿರಬೇಕು.

ಪರೀಕ್ಷೆಯ ದಿನ

ಲಾಯದಲ್ಲಿ ಸಾಧುವಾಗಿದ್ದ ಕುದುರೆಯು ಸ್ಪರ್ಧೆಯ ಮೈದಾನದಲ್ಲಿ ಬೇರೆಯೇ ಪ್ರಾಣಿಯಂತೆ ಕಾಣಬಹುದು. ಲಾರಿಯ ಪ್ರಯಾಣ, ಅಪರಿಚಿತ ಕುದುರೆಗಳ ಕೆನೆತ, ಧ್ವನಿವರ್ಧಕದ ಕೂಗು, ಹಾರುವ ಬಾವುಟಗಳು, ಜೊತೆಯ ಕುದುರೆಯ ಅಗಲಿಕೆ, ಇವೆಲ್ಲವೂ ಅದಕ್ಕೆ ಏಕಕಾಲದಲ್ಲಿ ಬಂದೊದಗುತ್ತವೆ. ಆದುದರಿಂದ ತಿಳಿದ ಸವಾರರು ಮೊದಲ ಸ್ಪರ್ಧೆಗೆ ಮುನ್ನ ಒಂದೆರಡು ಸಲ ಸ್ಪರ್ಧಿಸದೆಯೇ ಮರಿಯನ್ನು ಅಂಥ ಸ್ಥಳಗಳಿಗೆ ಕರೆದೊಯ್ದು, ಹುಲ್ಲು ಮೇಯಿಸಿ, ಸುತ್ತಾಡಿಸಿ ಹಿಂತಿರುಗುತ್ತಾರೆ. ಸ್ಪರ್ಧೆಯ ದಿನ ಹೊತ್ತಿಗೆ ಬಹಳ ಮುಂಚೆ ಹೋಗಿ, ಸುಮ್ಮನೆ ನಡೆಸಿ, ಅದರ ಉಸಿರು ಶಾಂತವಾಗುವವರೆಗೆ ಕಾಯುತ್ತಾರೆ.

ಬಯಲಿನ ದಾರಿಯನ್ನು ಸವಾರನು ಮೊದಲೇ ಕಾಲ್ನಡಿಗೆಯಿಂದ ಸುತ್ತಿ ನೋಡಬಹುದು. ಎಲ್ಲಿ ನೆಲ ಜಾರುವುದು, ಎಲ್ಲಿ ಬಿಸಿಲು ಕಣ್ಣಿಗೆ ಹೊಡೆಯುವುದು, ಬೆಳಕಿನಿಂದ ನೆರಳಿಗೆ ನೆಗೆಯುವ ಅಡ್ಡ ಎಲ್ಲಿದೆ ಎಂದು ಹೆಜ್ಜೆಯಿಂದ ಅಳೆದಿಟ್ಟುಕೊಳ್ಳಬಹುದು. ಕುದುರೆಗೆ ಆ ಅವಕಾಶವಿಲ್ಲ. ಅದು ಒಂದೊಂದು ಅಡ್ಡವನ್ನೂ ಓಡುತ್ತಿರುವಾಗಲೇ ಮೊದಲ ಬಾರಿಗೆ ಕಾಣುತ್ತದೆ. ಕೆಂಪು ಬಾವುಟವನ್ನು ಬಲಕ್ಕೂ ಬಿಳಿಯದನ್ನು ಎಡಕ್ಕೂ ಇಟ್ಟುಕೊಂಡು ದಾಟಬೇಕು. ಸವಾರನಿಗೆ ಶಿರಸ್ತ್ರಾಣವೂ ಎದೆಗವಚವೂ ಕಡ್ಡಾಯ. ಮುಂಗಾಲುಗಳು ಗಟ್ಟಿಯಾದ ಅಡ್ಡಕ್ಕೆ ಸಿಕ್ಕಿ ಕುದುರೆಯು ತಲೆಕೆಳಗಾಗಿ ಸವಾರನ ಮೇಲೆ ಬಿದ್ದ ದುರಂತಗಳು ನಡೆದಿರುವುದರಿಂದ, ಈಗ ಅನೇಕ ಅಡ್ಡಗಳಿಗೆ ಭಾರ ಬಿದ್ದಾಗ ಕಳಚಿಕೊಳ್ಳುವ ಬಂಧನಗಳನ್ನು ಹಾಕುತ್ತಾರೆ. ಬಂಧನ ಕಳಚಿದರೆ 11 ದಂಡಾಂಕಗಳುಂಟು. ಪ್ರಾಣದ ಬೆಲೆಗೆ ಹೋಲಿಸಿದರೆ ಅದು ದಂಡವೇ ಅಲ್ಲ.

ಓಟ ಮುಗಿದ ಮೇಲೆ ಕೆಲಸ ಮುಗಿಯಲಿಲ್ಲ. ಜೀನನ್ನು ಸಡಿಲಿಸಿ, ಮೈಮೇಲೆ ತಣ್ಣೀರು ಹಾಕಿ, ಉಸಿರು ಇಳಿಯುವವರೆಗೆ ನಡೆಸಬೇಕು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಮೂವತ್ತು ನಲವತ್ತು ಬಾರಿ ಬಡಿಯುವ ಅದರ ನಾಡಿಯು ಸಹಜಸ್ಥಿತಿಗೆ ಬರುವುದನ್ನು ನೋಡುತ್ತಿರಬೇಕು. ಮರುದಿನ ಬೆಳಗ್ಗೆ ನಾಲ್ಕು ಕಾಲುಗಳನ್ನೂ ಅಂಗೈಯಿಂದ ಸವರಿ, ಬಿಸಿ ಇದೆಯೇ, ಊತವಿದೆಯೇ ಎಂದು ಪರೀಕ್ಷಿಸಬೇಕು. ಬಹುಮಾನ ಬಂದಿದ್ದರೂ ಬರದಿದ್ದರೂ ಈ ಸೇವೆ ತಪ್ಪಕೂಡದು.

ಬೆಂಗಳೂರಿನ ರಾವುತ

ಲೇಖನದ ಆದಿಯಲ್ಲಿ ಸೂಚಿಸಿದ ಯುವಕರು ಶ್ರೀ ಫವಾದ್ ಮಿರ್ಜಾ ಅವರು. 1992ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರ ತಂದೆಯವರು ಪಶುವೈದ್ಯರು. ಬೆಂಗಳೂರಿನ ಎಂಬೆಸಿ ಅಶ್ವಾರೋಹಣ ಶಾಲೆಯ ಆಶ್ರಯವನ್ನು ಪಡೆದು, ಮುಂದೆ ಜರ್ಮನಿಯಲ್ಲಿ ಶಿಕ್ಷಣವನ್ನು ಮುಂದುವರಿಸಿದರು. 1982ರಲ್ಲಿ ದೆಹಲಿಯ ಏಷ್ಯಾ ಕೂಟದಲ್ಲಿ ರಘುವೀರ್ ಸಿಂಗ್ ಅವರು ಶಹಜಾದಾ ಎಂಬ ಕುದುರೆಯ ಮೇಲೆ ಸುವರ್ಣವನ್ನು ಗೆದ್ದರು. ಆ ಸಲ ಬೆಳ್ಳಿಯೂ ಕಂಚೂ ನಮ್ಮವರದೇ. ಅದಾದ ಮೇಲೆ 36 ವರ್ಷಗಳವರೆಗೆ ಏಷ್ಯಾ ಕೂಟದ ಅಶ್ವಕ್ರೀಡೆಗಳಲ್ಲಿ ಭಾರತಕ್ಕೆ ವೈಯಕ್ತಿಕ ಪದಕವು ಬರಲಿಲ್ಲ. 2018ರಲ್ಲಿ ಜಕಾರ್ತದಲ್ಲಿ ಮಿರ್ಜಾ ಅವರು ಸೀನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ 26.40 ದಂಡಾಂಕಗಳೊಡನೆ ಬೆಳ್ಳಿಯನ್ನು ಪಡೆದರು. ರಾಕೇಶ್ ಕುಮಾರ್, ಆಶಿಷ್ ಮಲಿಕ್, ಜಿತೇಂದರ್ ಸಿಂಗ್ ಇವರೊಡನೆ ತಂಡದ ಬೆಳ್ಳಿಯೂ ಬಂದಿತು. ಸುವರ್ಣವನ್ನು ಪಡೆದ ಜಪಾನಿನ ಸವಾರರ ಲೆಕ್ಕ 22.70. ನಡುವಣ ಅಂತರ 3.70, ಒಂದು ಕಂಬ ಬಿದ್ದರೆ ಬರುವ ದಂಡ 4. ಚಿನ್ನಕ್ಕೂ ಬೆಳ್ಳಿಗೂ ಒಂದು ಕಂಬದಷ್ಟು ದೂರವೂ ಇರಲಿಲ್ಲ.

ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಆಗ ಆ ಕುದುರೆಗೆ 12 ವರ್ಷ. ಅದನ್ನು ಹಿಂದೆ ಜರ್ಮನಿಯ ಬೆಟ್ಟಿನಾ ಹೋಯ್ ಎಂಬ ಪ್ರಸಿದ್ಧ ಸವಾರಿಣಿಯವರು ತಿದ್ದಿ ಬೆಳೆಸಿದ್ದರು. 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಅದೇ ಕುದುರೆಗೆ 15 ವರ್ಷ. ಅಲ್ಲಿ ಡ್ರೆಸಾಜಿನಲ್ಲಿ 28 ದಂಡಾಂಕಗಳು. ಬಯಲಿನಲ್ಲಿ ಒಂದು ಅಡ್ಡದಲ್ಲಿಯೂ ನಿಲ್ಲದೆ ಓಡಿ, 28 ಸೆಕೆಂಡು ತಡವಾದುದಕ್ಕೆ 11.20. ಮೊದಲ 25 ಮಂದಿಗೆ ಮಾತ್ರ ದೊರೆಯುವ ಅಂತಿಮ ಸುತ್ತನ್ನು ಪ್ರವೇಶಿಸಿ, ಒಟ್ಟು 59.60ರೊಡನೆ 23ನೆಯ ಸ್ಥಾನವನ್ನು ಪಡೆದರು. ಎಳೆಗುದುರೆಯೊಂದು ಮೊದಲ ಒಂದು ದಿನದ ಸ್ಪರ್ಧೆಯಿಂದ ಇಂಥ ಮೆಟ್ಟಿಲಿಗೆ ಏರುವುದಕ್ಕೆ ಎಷ್ಟು ವರ್ಷಗಳ ತಾಳ್ಮೆ ಬೇಕೆಂಬುದು ಇದರಿಂದ ವ್ಯಕ್ತವಾಗುವುದು.

ನಿಲ್ಲಿಸುವ ಧೈರ್ಯ

ಅದೇ ಟೋಕಿಯೋದ ಬಯಲಿನಲ್ಲಿ ಒಂದು ಶೋಕವೂ ಸಂಭವಿಸಿತು. ಸ್ವಿಟ್ಜರ್ಲೆಂಡಿನ ಸವಾರನ ಜೆಟ್ ಸೆಟ್ ಎಂಬ ಕುದುರೆಯು ಓಟದ ಕೊನೆಗೆ ಹತ್ತಿರವಿದ್ದಾಗ ಕಾಲಿನ ಬಂಧನಿ ಹರಿದು ಕುಂಟಿತು. ಗುಣವಾಗುವ ಆಸೆಯಿಲ್ಲವೆಂದು ವೈದ್ಯರು ಕಂಡುದರಿಂದ ಅದಕ್ಕೆ ನೋವಿಲ್ಲದ ಮರಣವನ್ನು ಕೊಡಬೇಕಾಯಿತು. ಇಂಥ ಘಟನೆಗಳನ್ನು ಮುಂದಿಟ್ಟು ಈ ಕ್ರೀಡೆಯೇ ಬೇಡವೆನ್ನುವವರಿದ್ದಾರೆ. ಅವರ ಮಾತನ್ನು ಲಘುವಾಗಿ ಕಾಣುವಂತಿಲ್ಲ. ಮನುಷ್ಯನು ತನ್ನ ಇಚ್ಛೆಯಿಂದ ಅಪಾಯಕ್ಕೆ ಇಳಿಯುತ್ತಾನೆ. ಕುದುರೆಯನ್ನು ಯಾರೂ ಕೇಳುವುದಿಲ್ಲ. ಕೇಳಲಾಗದ ಪ್ರಾಣಿಯ ಪರವಾಗಿ ಯೋಚಿಸಬೇಕಾದ ಭಾರವು ಸವಾರನ ಮೇಲಿದೆ.

ಈ ಭಾರವು ಎಲ್ಲಕ್ಕಿಂತ ಹೆಚ್ಚಾಗುವುದು ಎಳೆಗುದುರೆಯ ಮೊದಲ ಸ್ಪರ್ಧೆಯಲ್ಲಿ. ಮರಿಯು ನೀರಿನ ಮುಂದೆ ನಿಂತಿತು. 20 ದಂಡಾಂಕಗಳಾದುವು. ಎದುರಿಗೆ ಎರಡು ದಾರಿಗಳಿವೆ. ಚಾವಟಿಯಿಂದ ನೂಕಿ ದಾಟಿಸುವುದು ಒಂದು. ಶಾಂತವಾಗಿ ತಿರುಗಿಸಿ ಇನ್ನೊಮ್ಮೆ ತೋರಿಸಿ, ಒಲ್ಲದಿದ್ದರೆ ಕೈಯೆತ್ತಿ ಸ್ಪರ್ಧೆಯಿಂದ ನಿವೃತ್ತನಾಗುವುದು ಇನ್ನೊಂದು. ಚಾವಟಿಯ ಅತಿಬಳಕೆಯನ್ನು ನಿಯಮಗಳೇ ದಂಡಿಸುತ್ತವೆ. ಆದರೆ ನಿಯಮದ ಮಾತು ಹಾಗಿರಲಿ: ಭಯದಿಂದ ದಾಟಿದ ಕುದುರೆಯು ನೀರನ್ನೂ ಚಾವಟಿಯನ್ನೂ ಸೇರಿಸಿಯೇ ನೆನಪಿಡುತ್ತದೆ. ಮನೆಗೆ ಕರೆದುಕೊಂಡು ಹೋಗಿ, ಮತ್ತೆ ಗೊರಸು ಮುಳುಗುವಷ್ಟು ನೀರಿನಿಂದ ಪಾಠವನ್ನು ಆರಂಭಿಸಿದರೆ ಮುಂದಿನ ವರ್ಷ ತಾನಾಗಿ ಇಳಿದೀತು. ನೋಡುವವರ ಮುಂದೆ ಹಿಂತಿರುಗಿ ಬರುವುದಕ್ಕೆ ಅಡ್ಡವನ್ನು ದಾಟುವುದಕ್ಕಿಂತ ಹೆಚ್ಚು ಧೈರ್ಯ ಬೇಕು. ತರಗತಿಯಲ್ಲಿ ಲೆಕ್ಕ ಬಾರದೆ ಕಣ್ಣು ಬಿಡುತ್ತಿರುವ ಹುಡುಗನ ಮುಂದೆ ಬೆತ್ತವನ್ನೆತ್ತುವುದು ಸುಲಭ. ಹಿಂದಿನ ಪಾಠಕ್ಕೆ ಮರಳುವುದು ಕಷ್ಟ. ಫಲ ಕೊಡುವುದು ಎರಡನೆಯದೇ ಎಂಬುದನ್ನು ಬಹುಕಾಲ ಪಾಠ ಹೇಳಿದವರೆಲ್ಲರೂ ಒಪ್ಪುವರು.

ಗೃಹಸ್ಥರಿಗೆ ಒಂದು ಮಾತು

ಪಟ್ಟಣವಾಸಿಗಳಾದ ವಾಚಕರ ಮಕ್ಕಳು ಸವಾರಿಯನ್ನು ಕಲಿಯಬೇಕೆಂದು ಹಟ ಹಿಡಿದರೆ ತಂದೆತಾಯಿಗಳು ಸುಮ್ಮನೆ ನಿರಾಕರಿಸದಿರಲಿ. ಸುಮ್ಮನೆ ಒಪ್ಪದೆಯೂ ಇರಲಿ. ಮೊದಲು ಆ ಶಾಲೆಯ ಲಾಯವನ್ನು ನೋಡಿ ಬನ್ನಿ. ಕುದುರೆಗಳ ಪಕ್ಕೆಲುಬು ಎದ್ದಿವೆಯೇ, ಜೀನಿನ ಅಡಿಯಲ್ಲಿ ಹುಣ್ಣಿದೆಯೇ, ನೀರು ಶುಭ್ರವಾಗಿದೆಯೇ, ಶಿರಸ್ತ್ರಾಣವಿಲ್ಲದ ಮಗುವನ್ನು ಹತ್ತಿಸುತ್ತಾರೆಯೇ ಎಂಬುದನ್ನು ಪರೀಕ್ಷಿಸಿ. ಕುದುರೆಯನ್ನು ಚೆನ್ನಾಗಿ ನೋಡಿಕೊಳ್ಳದವರು ನಿಮ್ಮ ಮಗುವನ್ನೂ ಚೆನ್ನಾಗಿ ನೋಡಿಕೊಳ್ಳಲಾರರು. ಸವಾರಿಗೆ ಮುಂಚೆ ಮೈತಿಕ್ಕುವುದನ್ನೂ ಗೊರಸು ಶುಚಿಮಾಡುವುದನ್ನೂ ಕಲಿಸುವ ಶಿಕ್ಷಕರು ಸಿಕ್ಕಿದರೆ ಅವರನ್ನು ಬಿಡಬೇಡಿ.

ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯು ಬರೆಯಿಸಿದ ಶಾಸನವನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದೃಢವಾದ ದಯೆ, ಸತ್ಯವಚನ, ಆಚಾರ್ಯನಲ್ಲಿ ಶಿಷ್ಯನ ಗೌರವ, ಇಷ್ಟನ್ನು ಅದು ಉಪದೇಶಿಸುತ್ತದೆ. ಇಪ್ಪತ್ತೆರಡು ಶತಮಾನಗಳ ಮಳೆ ಬಿಸಿಲುಗಳನ್ನು ತಡೆದುಕೊಂಡ ಈ ಮಾತುಗಳಲ್ಲಿ ಪ್ರಾಣಿದಯೆಯೂ ಗುರುಶಿಷ್ಯ ಧರ್ಮವೂ ಅಕ್ಕಪಕ್ಕದಲ್ಲಿ ನಿಂತಿರುವುದು ವಿಚಾರಾರ್ಹವಾಗಿದೆ. ಎಳೆಗುದುರೆಗೂ ಸವಾರನಿಗೂ ನಡುವೆ ಬೇಕಾದುದು ಈ ಎರಡೇ. ಅವು ಇರುವಲ್ಲಿ ಪದಕವು ಬಂದರೆ ಸಂತೋಷ. ಬಾರದಿದ್ದರೂ ಸಂಜೆಯ ಹೊತ್ತಿಗೆ ಕುದುರೆಯು ಕುಂಟದೆ ಲಾಯವನ್ನು ಸೇರಿ, ನೆಮ್ಮದಿಯಿಂದ ಹುಲ್ಲು ಮೇಯುತ್ತಿದ್ದರೆ ಆ ದಿನದ ಪರೀಕ್ಷೆಯಲ್ಲಿ ಇಬ್ಬರೂ ತೇರ್ಗಡೆಯಾದರೆಂದೇ ತಿಳಿಯತಕ್ಕದ್ದು.